ಲಂಡನ್ ಸೊಂಡಿಲು

ನಮ್ಮ ವಂಶದಲ್ಲಿ ಒಬ್ಬ ಬಿ.ಎ. ಪಾಸಾಗುವುದು ಆಗುವ ಮಾತಲ್ಲ ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ ಹನುಮಂತಪ್ಪ. ಜವಳಗಿರಿಯ ಕಾಡಂಚಿನಲ್ಲಿ ರಾಗಿ ಬೆಳೆದು, ಆ ರಾಗಿಗೆ ಬಂದ ಆನೆಗಳನ್ನು ತಮಟೆ ಬಡಿದು ಓಡಿಸಿ ಬದುಕಿದವನು. ಆನೆಗೇ ಹೆದರದವನು ಬಿ.ಎ.ಗೆ ಹೆದರುತ್ತಾನೆಯೇ?

"ನಮ್ದು ಗುಂಡಿ ತೋಡೋ ಕೈ ಕಣ್ಲಾ. ಪೆನ್ನು ಕೊಟ್ರೂ ಅದ್ರಲ್ಲಿ ಗುಂಡೀನೇ ತೋಡ್ತೀವಿ" ಅಂದಿದ್ದ.

ನಾನು ಇಂಗ್ಲಿಷಿನಲ್ಲಿ ಎರಡು ಸಲ ಗೋತಾ ಹೊಡೆದು, ಮೂರನೆಯ ಸಲ ದಡ ಮುಟ್ಟಿದೆ. ಆವತ್ತಿನಿಂದ ಹೊಸೂರಿನ ನಮ್ಮ ಮನೆಯ ಬಾಗಿಲಲ್ಲಿ ಒಂದು ಹಲಗೆ ನೇತಾಡತೊಡಗಿತು. ಅದರಲ್ಲಿ ನನ್ನ ಹೆಸರು ಸಣ್ಣದಾಗಿಯೂ ಬಿ.ಎ. ಎಂಬುದು ದೊಡ್ಡದಾಗಿಯೂ ಇತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸವೂ ಸಿಕ್ಕಿತು. ಮಾವ ಸೋಲೊಪ್ಪಿಕೊಂಡು ಮಗಳು ಮುನಿರತ್ನಳನ್ನು ನನಗೆ ಧಾರೆ ಎರೆದ. ಆಮೇಲೆ ಮಗಳ ಹಿಂದೆಯೇ ತಾನೂ ಬಂದು ನಮ್ಮ ಜಗಲಿಯ ಮೇಲೆ ಖಾಯಮ್ಮಾಗಿ ಕೂತುಬಿಟ್ಟ. ಅವನು ನನಗಿಟ್ಟ ಹೆಸರು 'ಬೀಯೆ'. ಅದನ್ನು ಅವನು ಕರೆಯುವ ಧಾಟಿಯಲ್ಲಿ ಗೌರವ ಎಷ್ಟಿತ್ತು ಎಂದು ನಾನು ಈವರೆಗೂ ಅಳೆದು ನೋಡಿಲ್ಲ.

ಅದೇ ಮಾವ ಎರಡನೆಯ ಸಲ 'ಆಗೋ ಮಾತಲ್ಲ' ಅಂದದ್ದು ನಮ್ಮ ಅಕ್ಕ ಶಾಲೆ ತೆರೆಯುವ ವಿಷಯದಲ್ಲಿ.

ಅಕ್ಕ ತಿಮ್ಮಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನಾಲ್ಕನೆಯ ಕ್ಲಾಸಿಗೇ ಅವಳ ಓದು ನಿಂತಿತ್ತು. ಏಕೆಂದರೆ ಮನೆಯಲ್ಲಿ ಎರಡು ಎಮ್ಮೆಗಳೂ ನಾನೂ ಇದ್ದೆವು, ಮೂರನ್ನೂ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಗಂಡ ತೀರಿಕೊಂಡು ತವರಿಗೆ ಬಂದಮೇಲೆ ನನ್ನ ಹಳೆಯ ಪುಸ್ತಕಗಳನ್ನೇ ಓದಿಕೊಂಡು ಎಂಟನೆಯ ಕ್ಲಾಸಿನ ಪರೀಕ್ಷೆ ಕಟ್ಟಿದಳು, ಕೃಷ್ಣಗಿರಿಯಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದಳು. ಒಂದೇ ಸಲಕ್ಕೆ ಪಾಸು. ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ನನ್ನ ಎದುರಿಗೆ ಹೆಚ್ಚಾಗಿ ಎತ್ತುವುದಿಲ್ಲ.

ಈಗ ಅವಳಿಗೆ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಬೇಕಿತ್ತು. ಹನ್ನೊಂದು ಹುಡುಗಿಯರ ಹೆಸರು ಬರೆದುಕೊಂಡಿದ್ದಳು. ಬೇಕಾಗಿದ್ದುದು ಒಂದೇ. ಹೆಲ್ತ್ ಇನ್‌ಸ್ಪೆಕ್ಟರು ಬಂದು ನೋಡಿ, 'ಈ ಜಾಗ ಶುಚಿಯಾಗಿದೆ, ಮಕ್ಕಳು ಕೂರಲು ಯೋಗ್ಯವಾಗಿದೆ' ಎಂದು ಸರ್ಟಿಫಿಕೇಟು ಕೊಡಬೇಕು. ಅವರು ಬರುವುದು ಶುಕ್ರವಾರ. ತಪ್ಪಿದರೆ ಮತ್ತೆ ಮುಂದಿನ ವರ್ಷ. ಅಷ್ಟರೊಳಗೆ ಆ ಹನ್ನೊಂದರಲ್ಲಿ ಅರ್ಧ ಜನ ದನದ ಹಿಂದೆ, ಮಿಕ್ಕವರು ಹಸೆಮಣೆಯ ಮೇಲೆ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವಳು ಮಂಗಳವಾರವೇ ಗೋಡೆಗೆ ಸುಣ್ಣ ಹೊಡೆಸಿದಳು. ಶುಕ್ರವಾರ ಬೆಳಿಗ್ಗೆ ಗುಡಿಸಿ, ಸಗಣಿ ಹಾಕಿ ನೆಲ ಸಾರಿಸಿದರೆ ಆಯಿತು ಅಂದಳು.

ಆಯಿತಂತೆ! ಒಬ್ಬ ಪದವೀಧರ ಇರುವ ಮನೆಯಲ್ಲಿ ಶುಚಿತ್ವ ಎಂಬ ಘನವಾದ ವಿಷಯವನ್ನು ಒಂದು ಪೊರಕೆಗೂ ಒಂದು ಎಮ್ಮೆಗೂ ಒಪ್ಪಿಸಿಬಿಡುವುದೇ? ನಾನು ಗಂಟಲು ಸರಿಮಾಡಿಕೊಂಡು, ಈ ಇಲಾಖೆಯನ್ನು ಇನ್ನುಮುಂದೆ ನಾನೇ ವಹಿಸಿಕೊಳ್ಳುವುದಾಗಿ ಘೋಷಿಸಿದೆ. ಅಕ್ಕ ಬೇಡ ಅನ್ನಲಿಲ್ಲ. ಪಾಪ, ತಮ್ಮ ಓದಿದವನು ಎಂಬ ನಂಬಿಕೆ ಅವಳಿಗೆ ಆಗ ಇನ್ನೂ ಇತ್ತು.

ಇಲ್ಲಿ ನನ್ನ ಒಂದು ವಿಶೇಷ ಜ್ಞಾನದ ಬಗ್ಗೆ ಹೇಳಬೇಕು. ಕಾಲೇಜಿನಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗಿತ್ತು. ಆದರೆ ಯಾವ ಸಾಮಾನಾದರೂ ಕೈಗೆ ಸಿಕ್ಕಿದರೆ ಅದನ್ನು ಬೋರಲು ಮಾಡಿ, ಎಲ್ಲಿ ತಯಾರಾದದ್ದು ಎಂದು ತಳದಲ್ಲಿ ಓದುವ ಅಭ್ಯಾಸ ಉಳಿದಿತ್ತು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಓದಿದ್ದನ್ನು ಎಲ್ಲಾದರೂ ಬಳಸಬೇಕಲ್ಲ? ಇಂಗ್ಲೆಂಡಿನದಾದರೆ ಉತ್ತಮ, ಜರ್ಮನಿಯದು ಗಟ್ಟಿ ಆದರೆ ಶತ್ರುವಿನದು, ಜಪಾನಿನದು ಮುಟ್ಟಿದರೆ ಮುರಿಯುವುದು, ಕಲ್ಕತ್ತೆಯದು ಗತಿಯಿಲ್ಲದಿದ್ದರೆ ಮಾತ್ರ. ಇದು ನನ್ನ ಶಾಸ್ತ್ರ. ಮೈಮೇಲೆ ಖಾದಿ ಇತ್ತು, ಬಾಯಲ್ಲಿ ಸ್ವದೇಶಿ ಇತ್ತು. ಬಿಳಿಯರು ಈ ದೇಶ ಬಿಟ್ಟು ತೊಲಗಬೇಕೆಂದು ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ, ಯಾರೂ ಇಲ್ಲದ ಹೊತ್ತು ನೋಡಿ, ನಾನೂ ಅಂದಿದ್ದೆ. ಆದರೆ ಅವರು ತೊಲಗುವ ಮುಂಚೆ ಅವರ ಫಿನೈಲು ಸಿಕ್ಕಿದರೆ ಒಳ್ಳೆಯದಿತ್ತು.

ಬುಧವಾರ ಸಂಜೆ ಶೆಟ್ಟರ ಅಂಗಡಿಗೆ ಹೋದೆ. ಸೋಡಾಪುಡಿಯ ಪೊಟ್ಟಣ, ಸೋಪಿನ ತುಂಡು, ಹಿತ್ತಾಳೆ ಹೊಳಪಿಸುವ ಡಬ್ಬಿ, ಎಲ್ಲವನ್ನೂ ಒಂದೊಂದಾಗಿ ತಲೆಕೆಳಗು ಮಾಡಿ ಓದಿದೆ. ಹಿತ್ತಾಳೆ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಒಳಗಿನ ದ್ರವವೆಲ್ಲ ಬೆಲ್ಲದ ಅಚ್ಚುಗಳ ಮೇಲೆ ಸುರಿಯಿತು. ಲಂಡನ್ನಿನದೇ, ಓದಿದ್ದೆ.

ಶೆಟ್ಟರು ಬೆಲ್ಲ ಒರೆಸುತ್ತಾ, "ಸಾರ್, ಅಂಗಡಿಗೆ ಬಂದೋರೆಲ್ಲ ಮುಚ್ಚಳ ನೋಡ್ತಾರೆ. ತಳ ನೋಡೋರು ನೀವೊಬ್ರೇ" ಅಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಕೊನೆಗೆ ಕಲ್ಕತ್ತೆಯ ಫಿನೈಲನ್ನು ತಿರಸ್ಕರಿಸಿ, ಹಿಂದಿನ ಸಾಲಿನಲ್ಲಿ ದೂಳು ಹಿಡಿದಿದ್ದ ಇಂಗ್ಲೆಂಡಿನ ಡಬ್ಬಿಯೊಂದನ್ನು ತಂದೆ. ಮನೆಗೆ ಬಂದು ಡಬ್ಬಿಗೆ ಡಬ್ಬಿಯನ್ನೇ ಪಡಸಾಲೆಗೆ ಸುರಿದು ಪೊರಕೆಯಲ್ಲಿ ಬಳಿದೆ. ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿದ್ದ ಮಾವ ಕಣ್ಣೊರೆಸಿಕೊಳ್ಳುತ್ತಾ ಬೀದಿಗೆ ಇಳಿದ. ಆ ಸಂಜೆ ಎಮ್ಮೆ ಪಡಸಾಲೆ ಹಾದು ಹಿತ್ತಿಲಿಗೆ ಹೋಗಲು ಒಪ್ಪಲೇ ಇಲ್ಲ. ಎಳೆದರೂ ಇಲ್ಲ, ಹೊಡೆದರೂ ಇಲ್ಲ. ಮುನಿರತ್ನ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಖಾಲಿ ಡಬ್ಬಿ ಎತ್ತಿ ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು.

"ಬಾವಾ, ಇಲ್ಲೊಂದು ಬಕೀಟು, ಪಕ್ದಲ್ಲೊಂದು ಚಮ್ಚ ಬರ್ದವ್ರಲ್ಲ, ಅದ್ಯಾಕೆ?" ಅಂದಳು.

ಓದಿ ನೋಡಿದೆ. ಒಂದು ಬಕೀಟು ನೀರಿಗೆ ಎರಡು ಚಮಚ ಎಂದಿತ್ತು. ಎಲ್ಲಿ ತಯಾರಾದದ್ದು ಎಂದು ಓದಿದವನು ಹೇಗೆ ಬಳಸುವುದು ಎಂದು ಓದಿರಲಿಲ್ಲ. ಆ ಮನೆಗೆ ಅಂದು ಇನ್ನೂರು ಬಕೀಟಿನ ಶುಚಿತ್ವ ಬಿದ್ದಿತ್ತು.

ಇಷ್ಟಕ್ಕೆ ನಿಂತಿದ್ದರೆ ನಾನು ಸಾಧಾರಣ ದಡ್ಡನಾಗುತ್ತಿದ್ದೆ. ಪದವೀಧರ ಅಲ್ಲಿಗೆ ನಿಲ್ಲುತ್ತಾನೆಯೇ?

ಗುರುವಾರ ಬೆಳಿಗ್ಗೆ ಮತ್ತಿಗಿರಿಯ ಕಡೆಯ ಒಂದು ಬಂಗಲೆಯಲ್ಲಿ ಹರಾಜು ಇತ್ತು. ಯುದ್ಧ ಮುಗಿದಿತ್ತು, ಅಲ್ಲಿದ್ದ ಬಿಳಿ ದೊರೆ ತನ್ನ ಊರಿಗೆ ಹೊರಟಿದ್ದ. ಮೇಜು, ಕುರ್ಚಿ, ನಾಯಿಯ ಮಂಚ, ಎಲ್ಲವನ್ನೂ ಅಂಗಳದಲ್ಲಿ ಹರಡಿದ್ದರು. ನಾನು ಕಚೇರಿಗೆ ರಜೆ ಬರೆದು ಹೋದೆ. ನನಗೆ ಬೇಕಾಗಿದ್ದುದು ಕಸ ಹೀರುವ ಯಂತ್ರ. ಕಾಲೇಜಿನಲ್ಲಿದ್ದಾಗ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದೆ. ಒಬ್ಬ ಹೆಂಗಸು ಮುಗುಳ್ನಗುತ್ತಾ ಅದನ್ನು ಹಿಡಿದಿದ್ದಳು. ನಮ್ಮಲ್ಲಿ ಮುಗುಳ್ನಗುತ್ತಾ ಕಸ ಗುಡಿಸಿದವರನ್ನು ನಾನು ಕಂಡಿಲ್ಲ.

ಅಲ್ಲಿ ಎರಡಿದ್ದವು. ಒಂದಕ್ಕೆ ಬಾಲದಂತೆ ವೈರು ಇತ್ತು. ನಮ್ಮ ಬೀದಿಗೆ ಕರೆಂಟು ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಇನ್ನೊಂದು ಕೈಯಲ್ಲಿ ನಡೆಸುವಂಥದು. ಒಂದು ದೊಡ್ಡ ಮರದ ಪೆಟ್ಟಿಗೆ, ಒಳಗೆ ಚರ್ಮದ ತಿದಿ, ಮೇಲೆ ಒತ್ತುವ ಉದ್ದನೆಯ ಹಿಡಿಕೆ, ಮುಂದೆ ಬಟ್ಟೆ ಸುತ್ತಿದ ಕೊಳವೆ, ಕೊಳವೆಯ ತುದಿಗೆ ಹಿತ್ತಾಳೆಯ ಬಾಯಿ. ಒಬ್ಬರು ಹಿಡಿಕೆ ಒತ್ತಬೇಕು, ಒಬ್ಬರು ಬಾಯಿ ಹಿಡಿಯಬೇಕು. ಪೆಟ್ಟಿಗೆ ಬೋರಲು ಹಾಕಲು ನನ್ನಿಂದಾಗಲಿಲ್ಲ, ಇಬ್ಬರಾದರೂ ಬೇಕಿತ್ತು. ಆದರೆ ನೆತ್ತಿಯ ಮೇಲೇ ಒಂದು ಹಿತ್ತಾಳೆ ತಗಡು, ಅದರಲ್ಲಿ ದಪ್ಪಕ್ಷರದಲ್ಲಿ 'ಲಂಡನ್'. ಮೈ ಜುಮ್ಮೆಂದಿತು.

ಬಂಗಲೆಯ ಬಟ್ಲರು ಪಕ್ಕದಲ್ಲಿ ನಿಂತು ಏನೋ ಹೇಳುತ್ತಲೇ ಇದ್ದ. ರತ್ನಗಂಬಳಿ, ಜಮಖಾನೆ, ಮರದ ನೆಲ ಎಂಬ ಮಾತುಗಳು ಕಿವಿಗೆ ಬಿದ್ದವು. ನಾನು ತಗಡು ಓದುತ್ತಿದ್ದೆ. ಕೂಗಿದೆ, ನನಗೇ ಬಿತ್ತು. ಬೇರೆ ಯಾರೂ ಕೂಗಿರಲಿಲ್ಲ.

ಎತ್ತಿನಗಾಡಿಯಲ್ಲಿ ಅದನ್ನು ಮನೆ ಮುಂದೆ ಇಳಿಸಿದಾಗ ಅಕ್ಕ ಮನೆಯಲ್ಲಿರಲಿಲ್ಲ. ಹೆಸರು ಕೊಟ್ಟ ಹುಡುಗಿಯರ ಅಪ್ಪಂದಿರು ಮನಸ್ಸು ಬದಲಾಯಿಸದಂತೆ ಇನ್ನೊಂದು ಸುತ್ತು ಮಾತಾಡಿ ಬರಲು ಮತ್ತಿಗಿರಿಗೆ ಹೋಗಿದ್ದಳು. ಮಾವ ಜಗಲಿಯಿಂದಿಳಿದು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ತಿದಿ ಒತ್ತಿ ನೋಡಿದ.

"ಇದು ಕುಲುಮೆ ತಿದಿ ಕಣ್ಲಾ ಬೀಯೆ. ನಮ್ ಆಚಾರಿ ತಿದಿ ಗಾಳಿ ಉಗೀತದೆ, ಇದು ನುಂಗ್ತದೆ. ಈ ಸೊಂಡ್ಲು ಒಂದು ಬೇರೆ."

ನಾನು ಅವನ ಅಜ್ಞಾನವನ್ನು ಕ್ಷಮಿಸಿದೆ.

ಪಡಸಾಲೆಯಲ್ಲಿ ಪ್ರಯೋಗ ಆರಂಭವಾಯಿತು. ಮುನಿರತ್ನ ಹಿಡಿಕೆಗೆ, ನಾನು ಸೊಂಡಿಲಿಗೆ. ಚಿತ್ರದ ಹೆಂಗಸಿನಂತೆ ಅವಳು ಮುಗುಳ್ನಗಲಿಲ್ಲ ಎಂಬುದನ್ನು ಬಿಟ್ಟರೆ ಎಲ್ಲವೂ ಪತ್ರಿಕೆಯಲ್ಲಿದ್ದಂತೆಯೇ ನಡೆಯಿತು. ಹತ್ತು ನಿಮಿಷ ಬಿಟ್ಟು ಪೆಟ್ಟಿಗೆಯೊಳಗಿನ ಬಟ್ಟೆಚೀಲ ಬಿಚ್ಚಿದರೆ ಒಂದು ಬೊಗಸೆ ಕೆಂಪು ದೂಳು! ಪ್ರತಿದಿನ ಎರಡು ಹೊತ್ತು ಗುಡಿಸುವ ನೆಲ ಅದು. ನಾನು ಚೀಲವನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿದು, ಇಷ್ಟು ವರ್ಷ ನೀವೆಲ್ಲ ಈ ಮನೆಯಲ್ಲಿ ಏನು ಗುಡಿಸುತ್ತಿದ್ದಿರಿ ಎಂದು ಕೇಳಿದೆ.

ಎರಡನೆಯ ಸಲಕ್ಕೆ ಎರಡು ಬೊಗಸೆ ಬಂತು. ಮೂರನೆಯ ಸಲಕ್ಕೆ ಚೀಲವೇ ತುಂಬಿತು. ಇದರಿಂದ ನಾನು ತರ್ಕಬದ್ಧವಾಗಿ ಒಂದು ನಿರ್ಣಯಕ್ಕೆ ಬಂದೆ. ಕೊಳೆ ಮೇಲ್ಮೇಲೆ ಇಲ್ಲ, ತಲೆಮಾರುಗಳಿಂದ ಆಳಕ್ಕೆ ಇಳಿದಿದೆ. ಅದರ ಬುಡ ಸಿಕ್ಕುವವರೆಗೂ ಬಿಡಬಾರದು. ಹಿತ್ತಾಳೆಯ ಬಾಯಿಯಿಂದ ಸ್ವಲ್ಪ ಕೆರೆದು ಕೊಟ್ಟರೆ ಯಂತ್ರ ಇನ್ನೂ ಹುರುಪಿನಿಂದ ಹೀರುತ್ತದೆ ಎಂಬುದನ್ನೂ ಕಂಡುಹಿಡಿದೆ.

"ಬಾವಾ, ಇದು ಕಸ ಅಲ್ಲ, ನೆಲ" ಅಂದಳು ಮುನಿರತ್ನ.

ನಾನು ಅವಳಿಗೆ ಕಣ್ಣಿಗೆ ಕಾಣದ ಕ್ರಿಮಿಗಳ ಬಗ್ಗೆ ವಿವರವಾಗಿ ತಿಳಿಸಿದೆ. ಅವಳು ಒತ್ತುತ್ತಾ ಕೇಳಿದಳು. ಊಟದ ಹೊತ್ತು ಮೀರಿತು. ಅಂಗಳದಲ್ಲಿ ದೂಳಿನ ಗುಡ್ಡೆ ಮೊಣಕಾಲೆತ್ತರ ಆಯಿತು. ಲಂಡನ್ನಿನ ಯಂತ್ರವೇನೋ ದಣಿಯಲಿಲ್ಲ. ನಾನೂ ದಣಿಯಲಿಲ್ಲ, ಏಕೆಂದರೆ ಹಿಡಿಕೆ ಒತ್ತುತ್ತಿದ್ದವಳು ಅವಳು.

ಮಾವ ಹೊಸಲಿನ ಮೇಲೆ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದ: "ಎಷ್ಟ್ ಅಡಿಗೆ ನೀರು ಬೀಳ್ಬೋದು ಅಂತೀಯ?"

ಆಗ ನಾನು ಮೊದಲ ಬಾರಿಗೆ ತಲೆಯೆತ್ತಿ ನೋಡಿದೆ. ತಲೆಯೆತ್ತಿ ನೋಡಬೇಕಾಯಿತು, ಏಕೆಂದರೆ ಹೊಸಲ ಮೇಲೆ ಕೂತಿದ್ದ ಮಾವ ನನಗಿಂತ ಮೇಲಿದ್ದ. ಪಡಸಾಲೆಯ ನಟ್ಟನಡುವೆ, ಒಂದು ಮಂಚದಷ್ಟು ಅಗಲಕ್ಕೆ, ಒಂದು ಗೇಣು ಆಳದ ಗುಂಡಿಯಲ್ಲಿ ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ನಮ್ಮದು ಮಣ್ಣಿನ ನೆಲ. ಮಣ್ಣು ಬಡಿದು, ಮೇಲೆ ಸಗಣಿ ಸಾರಿಸಿ ಸಾರಿಸಿ ನಮ್ಮಜ್ಜಿಯ ಕಾಲದಿಂದ ಗಟ್ಟಿಮಾಡಿದ್ದು. ಆ ಸಗಣಿಯ ಪದರ ಕಿತ್ತಮೇಲೆ ಯಂತ್ರಕ್ಕೆ ಸಿಕ್ಕುವುದು ಭೂಮಿಯೇ. ಭೂಮಿ ಬೇಗ ಮುಗಿಯುವ ಪದಾರ್ಥವಲ್ಲ.

ಗಾಬರಿಯಲ್ಲಿ ಕೆಲಸ ನಿಲ್ಲಿಸಿದ್ದರೆ ಗುಂಡಿಯೊಂದೇ ಉಳಿಯುತ್ತಿತ್ತು. ಆದರೆ ಕೊಳವೆಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಯಂತ್ರಕ್ಕೆ ಹಿಂದುಗಡೆ ಇನ್ನೊಂದು ತೂತು ಇದ್ದುದನ್ನು ಗಮನಿಸಿದ್ದೆ. ಕೊಳವೆಯನ್ನು ಅಲ್ಲಿಗೆ ಸಿಕ್ಕಿಸಿ ಒತ್ತಿದರೆ ಕಲ್ಲು ಹೊರಗೆ ಹಾರಬೇಕು, ಇದು ವಿಜ್ಞಾನ. ಒತ್ತು ಅಂದೆ. ಬೆಳಗಿನಿಂದ ತಡೆದುಕೊಂಡಿದ್ದ ಕೋಪವನ್ನೆಲ್ಲ ಸೇರಿಸಿ ಮುನಿರತ್ನ ಒಂದೇ ಸಲ ಒತ್ತಿದಳು.

ಕಲ್ಲು ಹಾರಿತು. ಅದರ ಹಿಂದೆ ತುಂಬಿದ್ದ ಚೀಲವೂ ಹರಿದು, ಒಳಗಿದ್ದುದೆಲ್ಲ ಹೊರಗೆ ಬಂತು. ಮಂಗಳವಾರ ಸುಣ್ಣ ಕಂಡ ಗೋಡೆ ಎದೆಮಟ್ಟ ಕೆಂಪಾಯಿತು. ನಾನು ನೆತ್ತಿಯಿಂದ ಅಂಗಾಲಿನವರೆಗೆ ಕೆಂಪಾದೆ.

"ನಮ್ ಕಾಡಾನೇನೂ ಹಿಂಗೇಯಾ. ಮೈ ತೊಳ್ಕಂಡು ಬಂದು ಮಣ್ಣು ಎರಚ್ಕಂತದೆ" ಅಂದ ಮಾವ.

ಅದೇ ಹೊತ್ತಿಗೆ ಅಕ್ಕ ಬಂದಳು.

ಅವಳು ಹೊಸಲಿನ ಮೇಲೆ ನಿಂತು ಗೋಡೆ ನೋಡಿದಳು, ಗುಂಡಿ ನೋಡಿದಳು, ಗುಂಡಿಯಲ್ಲಿದ್ದ ತಮ್ಮನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು, ಕ್ರಿಮಿಗಳ ವಿಷಯ ಇನ್ನೂ ಅರ್ಧ ಉಳಿದಿತ್ತು.

"ನಾಳೆ ಬೆಳಿಗ್ಗೆ ಬತ್ತಾರೆ ಕಣ್ಲಾ" ಅಂದಳು ಅಷ್ಟೆ. "ಹನ್ನೊಂದು ಜನಾನೂ ಕಳಿಸ್ತೀವಿ ಅಂದ್ರು."

ನನಗೆ ಸುಮ್ಮನೆ ನಾಲ್ಕನೆಯ ಕ್ಲಾಸಿನ ಒಂದು ಹುಡುಗಿ ನೆನಪಾದಳು. ಸೊಂಟದ ಮೇಲೆ ನನ್ನನ್ನು ಕೂರಿಸಿಕೊಂಡು, ಶಾಲೆಯ ಕಿಟಕಿಯ ಹೊರಗೆ ನಿಂತು ಒಳಗಿನ ಪಾಠ ಕೇಳುತ್ತಿದ್ದವಳು. ನನಗದು ನೆನಪಿರಲು ಸಾಧ್ಯವಿಲ್ಲ, ಅಮ್ಮ ಹೇಳಿದ್ದು. ಅಂದು ಅವಳ ಶಾಲೆ ಹೋದದ್ದು ನನ್ನಿಂದ. ಇಂದೂ ನನ್ನಿಂದಲೇ. ಅಂದು ನಾನು ಮಗು. ಇಂದು ಬಿ.ಎ.

ಮಣ್ಣು ತುಂಬಿ ಬಡಿದರೆ ಒಣಗಲು ನಾಲ್ಕು ದಿನ ಬೇಕು. ಅಕ್ಕ ಗುಂಡಿಯ ಅಂಚಿನಲ್ಲಿ ಕೂತು ಬೆರಳಲ್ಲಿ ಆಳ ಅಳೆದಳು. ತಳವನ್ನು ಅಂಗೈಯಿಂದ ಸವರಿದಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿದಳು.

"ಅಂಗಿ ಬಿಚ್ಚು. ಮಂಕ್ರಿ ತಗೊಂಡು ಕೆರೆ ಕೋಡಿ ಕೆಳಗಿನ ಹಳ್ಳಕ್ಕೆ ಹೋಗಿ ಸಣ್ಣ ಮರಳು ತಾ. ಕಲ್ಲು ಇರಬಾರ್ದು."

ಯಾಕೆ ಎಂದು ಕೇಳಿದೆ.

"ನೀನು ಓದಿರೋನು, ಹೇಳಿದ್ರೆ ಅರ್ಥ ಆಗಾಕಿಲ್ಲ. ಹೋಗು."

ಹೋದೆ. ಒಂದಲ್ಲ, ಹದಿನಾಲ್ಕು ಸಲ. ತಾಲ್ಲೂಕು ಕಚೇರಿ ಬಿಡುವ ಸಮಯ ಅದು. ಅರ್ಜಿ ಬರೆಯುವವರು, ಜವಾನರು, ದಿನವೂ ನನಗೆ ಕೈಮುಗಿಯುವ ರೈತರು, ಎಲ್ಲರೂ ಎದುರಿಗೆ ಬಂದರು. "ನಮಸ್ಕಾರ ಸಾರ್" ಅಂದರು. ತಲೆಯ ಮೇಲೆ ಮಂಕರಿ ಇದ್ದವನು ಕೈಮುಗಿಯುವಂತಿಲ್ಲ. ತಲೆ ಬಾಗಿಸಿದೆ. ಮರಳು ಕಣ್ಣಿಗೆ ಬಿತ್ತು. ಮುಂದಿನ ಹದಿಮೂರು ಸಲ ಯಾರಿಗೂ ತಲೆ ಬಾಗಿಸಲಿಲ್ಲ. ಬಿ.ಎ. ಆದಮೇಲೆ ಇವನಿಗೆ ಸೊಕ್ಕು ಬಂದಿದೆ ಎಂದು ಊರಲ್ಲಿ ಮಾತು ಹುಟ್ಟಿದ್ದು ಆವತ್ತೇ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಗುಂಡಿಯ ಅಂಚುಗಳನ್ನು ನೂಲು ಹಿಡಿದು ಚೌಕ ಮಾಡಿ, ಮರಳು ತುಂಬಿಸಿ ಹಲಗೆಯಲ್ಲಿ ಸಮ ಮಾಡಿದ್ದಳು. ಸುತ್ತಲೂ ನೆಲ ಸಾರಿಸಿಯಾಗಿತ್ತು. ಗೋಡೆಯ ಕೆಂಪನ್ನು ತೊಳೆಯುವ ಗೋಜಿಗೆ ಹೋಗದೆ, ಅವಳೂ ಮುನಿರತ್ನಳೂ ಎದೆಮಟ್ಟಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿದುಬಿಟ್ಟಿದ್ದರು. ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣು. ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಹೇಳಲು ಬಾಯಿ ತೆರೆದೆ. ಮುನಿರತ್ನ ನೋಡಿದ ನೋಟಕ್ಕೆ ಮುಚ್ಚಿದೆ.

ಫಿನೈಲಿಗೆ ಮಾತ್ರ ಅಕ್ಕನ ಬಳಿಯೂ ಉಪಾಯವಿರಲಿಲ್ಲ.

ಶುಕ್ರವಾರ ಇನ್‌ಸ್ಪೆಕ್ಟರು ಬಂದರು. ಟೋಪಿ ಹಾಕಿದ ತಮಿಳು ಯಜಮಾನರು, ಹಿಂದೆ ಒಬ್ಬ ಜವಾನ. ಪಡಸಾಲೆಗೆ ಕಾಲಿಟ್ಟವರೇ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಆಮೇಲೆ ಅದನ್ನು ಕಣ್ಣಿಗೂ ಹಿಡಿಯಬೇಕಾಯಿತು. ಕಿಟಕಿ ನೋಡಿದರು, ಗೋಡೆ ನೋಡಿದರು, ಕೆಂಪು ಪಟ್ಟಿ ಏತಕ್ಕೆ ಎಂದರು. ಮಕ್ಕಳು ಒರಗಿ ಕೂರುತ್ತಾರೆ, ಕೈ ಕಲೆ ಕಾಣಬಾರದೆಂದು ಎಂದಳು ಅಕ್ಕ, ರೆಪ್ಪೆ ಬಡಿಯದೆ. ಅಡುಗೆಮನೆ, ಹಿತ್ತಿಲು ನೋಡುವುದು ಬೇಡವೆಂದು ಅವರೇ ಅಂದರು. ಅಷ್ಟು ಹೊತ್ತು ಉಸಿರು ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ.

ಕೊನೆಗೆ ಗುಂಡಿಯ ಮುಂದೆ ನಿಂತರು. "ಇದು ಎನ್ನಮ್ಮಾ?"

ಅಕ್ಕ ಮೊಣಕಾಲೂರಿ ಕೂತು ಮರಳಿನ ಮೇಲೆ ಬೆರಳಿನಿಂದ ದೊಡ್ಡದಾಗಿ ಒಂದು 'ಅ' ಬರೆದಳು. ಅದರ ಪಕ್ಕದಲ್ಲಿ ತಮಿಳಿನ 'ಅ'ವನ್ನೂ ಬರೆದಳು. ಅಂಗೈಯಿಂದ ಒಂದು ಸಲ ಸವರಿದಳು. ಎರಡೂ ಹೋದವು.

"ಸ್ಲೇಟು ಇಲ್ದೇ ಇರೋ ಮಕ್ಕಳಿಗೆ, ಸಾರ್. ನಾಕು ಜನ ಸುತ್ತ ಕೂತು ತಿದ್ದಬಹುದು. ಸೀಮೆಸುಣ್ಣದ ಪುಡಿ ಎದೆಗೆ ಹೋಗಲ್ಲ."

ಅವರು ಕರವಸ್ತ್ರ ಇಳಿಸಿದರು. "ರೊಂಬ ನಲ್ಲಾ ಇರುಕ್ಕು. ಯಾರ ಯೋಚನೆ ಇದು?"

ಅಕ್ಕ ನನ್ನ ಕಡೆ ನೋಡಿದಳು. "ನಮ್ಮ ತಮ್ಮಂದು, ಸಾರ್. ಗುಂಡಿ ಪೂರ್ತಿ ಅವನೇ ತೋಡಿದ್ದು. ಬಿ.ಎ. ಓದವ್ನೆ."

ನಾನು ವಿನಯದಿಂದ ಬಾಗಿದೆ. ಸುಳ್ಳು ಅವಳು ಹೇಳಿದ್ದಲ್ಲ, ಆ ವಿನಯ.

ಇನ್‌ಸ್ಪೆಕ್ಟರ ಕಣ್ಣು ಮೂಲೆಯಲ್ಲಿದ್ದ ಯಂತ್ರದ ಮೇಲೆ ಬಿತ್ತು. ಅದೇನೆಂದು ವಿವರಿಸಿ, ಅಸಲಿ ಲಂಡನ್ನಿನದು ಎಂದೂ ಸೇರಿಸಿದೆ. ಅವರಿಗೂ ನನ್ನ ರೋಗವೇ ಇತ್ತೆಂದು ಕಾಣುತ್ತದೆ. ಜವಾನನಿಗೆ ಸನ್ನೆ ಮಾಡಿದರು, ಅವನೂ ಮಾವನೂ ಸೇರಿ ಪೆಟ್ಟಿಗೆಯನ್ನು ಬೋರಲು ಹಾಕಿದರು. ತಳದಲ್ಲಿ ಇನ್ನೊಂದು ತಗಡು ಇತ್ತು. ತಯಾರಾದದ್ದು ಜರ್ಮನಿಯಲ್ಲಿ. ಲಂಡನ್ನಿನದು ಮಾರಿದ ಅಂಗಡಿ. ಜರ್ಮನಿಯ ಮೇಲೆ ಅಷ್ಟು ವರ್ಷ ಯುದ್ಧ ಮಾಡಿದ ಜನ ಮನೆಯ ಕಸವನ್ನು ಮಾತ್ರ ಅವರ ಕೈಲೇ ಗುಡಿಸಿಕೊಂಡಿದ್ದರು. ಜೀವಮಾನವಿಡೀ ಸಿಕ್ಕಸಿಕ್ಕದ್ದರ ತಳ ನೋಡಿದವನು ನಾನು. ನೋಡಲೇಬೇಕಾಗಿದ್ದ ಒಂದು ತಳವನ್ನು ಬಿಟ್ಟಿದ್ದೆ.

ಅವರು ಜಗಲಿಗೆ ಬಂದು, ನಾಲ್ಕು ಉಸಿರು ದೀರ್ಘವಾಗಿ ಎಳೆದುಕೊಂಡು ಸರ್ಟಿಫಿಕೇಟು ಬರೆದರು. ಗಾಳಿ ಬೆಳಕು ಉಂಟು, ಗೋಡೆ ನೆಲ ಶುಚಿ, ಮಕ್ಕಳು ಅಕ್ಷರ ತಿದ್ದಲು ಮರಳಿನ ಗುಂಡಿ ಇರುವುದು ವಿಶೇಷ ಎಂದು ಕೊನೆಯ ಸಾಲು. ಸಹಿ ಹಾಕಿ ಕಾಗದವನ್ನು ಮುಂದೆ ಚಾಚಿದರು. ಸರ್ಟಿಫಿಕೇಟು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಯಿತು. ಅವರ ಕೈ ನನ್ನ ಕೈಯನ್ನು ದಾಟಿ ಅಕ್ಕನ ಕೈಗೆ ಕಾಗದ ಕೊಟ್ಟಿತು.

ಅಕ್ಕ ನಿಂತಲ್ಲೇ ಎರಡು ಸಲ ಓದಿದಳು. ಕಣ್ಣಲ್ಲಿ ನೀರಿತ್ತು. ಫಿನೈಲು ಎಂದಳು. ಆಮೇಲೆ ಕಾಗದವನ್ನು ಮಗುಚಿ ಹಿಂಭಾಗವನ್ನೂ ನೋಡಿದಳು.

"ಹಿಂದ್ಗಡೆ ಏನ್ ನೋಡ್ತೀಯಕ್ಕ?" ಅಂದೆ.

"ಎಲ್ಲಿ ಮಾಡಿದ್ದು ಅಂತ."

ಮುನಿರತ್ನ ನಕ್ಕಳು, ಎರಡು ದಿನದ ಮೇಲೆ ಮೊದಲ ಸಲ. ಮಾವ ಎಲೆಯಡಿಕೆ ಉಗಿದು ಬಂದು ಅಕ್ಕನ ಮುಂದೆ ನಿಂತ. "ಆಗೋ ಮಾತಲ್ಲ ಅಂದಿದ್ದೆ ಕಣಮ್ಮ. ತೆಪ್ಪಾಯ್ತು" ಅಂದ. ನನ್ನ ಸರದಿಗಾಗಿ ನಾನೂ ಎದೆ ಸೆಟೆಸಿ ನಿಂತೆ. ಅವನು ಪಡಸಾಲೆಯ ಗುಂಡಿಯನ್ನೂ ನನ್ನನ್ನೂ ಬಾಗಿಲ ಮೇಲಿನ ಹಲಗೆಯನ್ನೂ ಒಂದೊಂದಾಗಿ ನೋಡಿದ.

"ನಮ್ಮಪ್ಪ ಗುದ್ಲೀಲಿ ತೋಡ್ದ. ನಾನೂ ಗುದ್ಲೀಲೇ ತೋಡ್ದೆ. ನೀನು ಓದ್ದೋನು ಕಣ್ಲಾ ಬೀಯೆ, ಮಿಸನ್ ಮಡಗಿ ತೋಡ್ದೆ."